ಕಾಳ್ಯಾನನ್ನು ಕಚ್ಚಿದ ನಾಯಿ ಇನ್ನೂ ಇದೆ

ಮಣೂಕದ ಶೆಡ್ಡಿನ ಗೇಟು ದಾಟುವ ಮೊದಲೇ ಗಂಧಕದ ಹೊಗೆ ಮೂಗಿಗೆ ಹತ್ತಿತು. ಪೆಟ್ಟಿಗೆಯಲ್ಲಿರುವ ಬೆಂಕಿಕಡ್ಡಿಗಳನ್ನೆಲ್ಲ ಒಟ್ಟಿಗೇ ಗೀರಿದರೆ ಎಂಥ ವಾಸನೆ ಬರುತ್ತದೋ ಅಂಥದು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತೇವೆ. ಅದಕ್ಕೆ ಹಳದಿ ಬಣ್ಣ ಬರಲಿ ಎಂದು ಗಂಧಕದ ಹೊಗೆ ಕೊಡುತ್ತಾರೆ. ಮೂರು ವರ್ಷ ನಾನು ಆ ಹೊಗೆಯ ಹತ್ತಿರ ಹೋಗಿರಲಿಲ್ಲ. ಈ ವರ್ಷ ತಂಗೆವ್ವ ಬಾಗಿಲಿಗೆ ಬಂದಳು. ಹೆಣ್ಣಾಳುಗಳನ್ನು ಕೂಡಿಸಿ ಕೆಲಸಕ್ಕೆ ಕರೆದೊಯ್ಯುವ ಮುಕಾದಮಳು ಆಕೆ. "ಎಷ್ಟ ವರ್ಷ ಸಿಟ್ಟ ಹಿಡೀತೀಯವಾ? ಆಳ ಕಡಿಮಿ ಬಿದ್ದಾವ, ನಡಿ," ಎಂದಳು. ಹೋದೆ.

ಗೇಟಿನ ಒಳಗೆ ಆ ನಾಯಿ ಇತ್ತು. ಮೂತಿ ಬೆಳ್ಳಗಾಗಿದೆ, ಹೊಟ್ಟೆ ದಪ್ಪಗಾಗಿದೆ. ಸರಪಳಿ ಇಲ್ಲ. ನಮ್ಮನ್ನು ಕಂಡು ಎದ್ದು ಗುರ್ ಎಂದಿತು. ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಮಾಲಕರು ಫೋನಿನಿಂದ ತಲೆ ಎತ್ತದೆಯೇ, "ಏನೂ ಮಾಡೂದಿಲ್ಲ ಬಾ. ಭಾಳ ಶ್ಯಾಣ್ಯಾ ನಾಯಿ ಐತಿ," ಎಂದರು.

ಮೂರು ವರ್ಷದ ಹಿಂದೆಯೂ ಇದೇ ಮಾತು ಹೇಳಿದ್ದರು. ನನ್ನ ಮೈ ಉರಿದು ಹೋಯಿತು. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆಯ ತನಕ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮಾಲಕರ ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಮಾಲಕರು, ಅಷ್ಟೇ. ನನ್ನ ತಪ್ಪನ್ನು ಮಾತ್ರ ಮುಚ್ಚಿಡುವುದಿಲ್ಲ.

ನಮ್ಮೂರು ಕೊಕಟನೂರಿನಿಂದ ಒಳಗೆ, ಅಥಣಿಗೆ ಹೋಗುವ ಬಸ್ಸು ದಿನಕ್ಕೆ ಮೂರು ಸಲ ಮುಖ ತೋರಿಸುವ ಊರು. ಗಂಡನ ಮನೆಯಲ್ಲಿ ನಾನು ಬಾಳಿದ್ದು ಮೂರೇ ವರ್ಷ. ಗಂಟು ಹಿಡಿದು ತವರಿಗೆ ಬಂದ ದಿನ ಊರೆಲ್ಲ "ಯಾಕ ಬಂದಿ?" ಎಂದು ಕೇಳಿತು. ಕೇಳದವರು ಇಬ್ಬರು. ಒಬ್ಬ ನನ್ನ ತಮ್ಮ ಸಿದ್ದು. ನನ್ನ ಗಂಟನ್ನು ತಾನೇ ಒಳಗಿಟ್ಟು, "ಯಕ್ಕಾ, ರೊಟ್ಟಿ ಬಿಸೀದ ಅದಾವ, ಉಣ್ಣ," ಎಂದ. ಇನ್ನೊಬ್ಬ ಕಾಳ್ಯಾ. ಮೂರು ವರ್ಷ ನನ್ನನ್ನು ಕಾಣದಿದ್ದರೂ ಓಡಿ ಬಂದು ಕಾಲು ಮೂಸಿ, ಸೀರೆಯ ಅಂಚು ಕಚ್ಚಿ ಒಳಗೆ ಎಳೆದ.

ಕಾಳ್ಯಾ ನಾಯಿ. ಮೈಯೆಲ್ಲ ಕಪ್ಪು, ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು, ಒಂದು ಕಿವಿ ಮಡಚಿದ್ದು. ಸಿದ್ದೂನ ಹನ್ನೆರಡು ಕುರಿಗಳನ್ನು ಕಾಯುತ್ತಿದ್ದ. ನಮ್ಮವ್ವ ಅವನನ್ನು ಎಂದೂ 'ಅದು' ಎಂದವಳಲ್ಲ. "ಅಂವ ಉಂಡಾನೇನ?" "ಅಂವ ಎಲ್ಲಿ ಹೋಗ್ಯಾನ?" ಎಂದೇ ಕೇಳುತ್ತಿದ್ದಳು. ಮನೆಯವರೆಲ್ಲರಿಗೂ ಅದೇ ರೂಢಿಯಾಯಿತು, ಓಣಿಗೂ ಆಯಿತು. ಒಂದು ಸಲ ಸಿದ್ದೂಗೆ ಹೆಣ್ಣು ಕೊಡಲು ರಾಯಬಾಗದಿಂದ ನಾಲ್ಕು ಮಂದಿ ಬಂದಿದ್ದರು. ಅವರು ಹುಡುಗ ಎಲ್ಲಿ ಎಂದು ಕೇಳುವುದಕ್ಕೂ ಅವ್ವ ಹಿತ್ತಲಿನಿಂದ ಬರುವುದಕ್ಕೂ ಸರಿಹೋಯಿತು. "ಅಂವ ಹಿತ್ತಲದಾಗ ಮಲಗ್ಯಾನ. ಮೈ ತುಂಬ ಉಣ್ಣಿ ಆಗ್ಯಾವ, ಎಣ್ಣಿ ಹಚ್ಚಿ ಬಂದ್ನಿ," ಎಂದಳು ಕೈ ಒರೆಸಿಕೊಳ್ಳುತ್ತ. ಬಂದವರು ಚಹಾ ಕುಡಿಯದೆ ಎದ್ದರು. ಅವ್ವ ಇರುವ ತನಕ ಇದನ್ನು ಹೇಳಿ ಹೇಳಿ ನಕ್ಕೆವು. ಆ ನಗುವಿನ ಮಾತೇ ಒಂದು ದಿನ ಕಾಳ್ಯಾನ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅವ್ವ ತೀರಿಕೊಂಡ ಮರುವರ್ಷದ ಹಂಗಾಮು ಅದು. ಶಿವರಾತ್ರಿ ಕಳೆದಿತ್ತು. ಬಿಸಿಲು ಚುರುಗುಟ್ಟಬೇಕಾದ ದಿನಗಳಲ್ಲಿ ಆಕಾಶದ ತುಂಬ ಮೋಡ. ದ್ರಾಕ್ಷಿ ಒಣಗಿಸುವವರಿಗೆ ಮೋಡಕ್ಕಿಂತ ದೊಡ್ಡ ವೈರಿ ಇಲ್ಲ. ತಂತಿಯ ಜಾಳಿಗೆಯ ಮೇಲೆ ಹರಡಿದ ಹಣ್ಣಿಗೆ ಒಂದು ಜಡಿ ಮಳೆ ಹೊಡೆದರೆ ಎಲ್ಲ ಕಪ್ಪು. ನಾನು ಗೊಂಚಲು ಬಿಡಿಸಿ ಹರಡುವ ಕೆಲಸಕ್ಕೆ, ಸಿದ್ದು ಕ್ರೇಟು ಎತ್ತುವ ಕೆಲಸಕ್ಕೆ ಮಾಲಕರ ಶೆಡ್ಡಿಗೆ ಹೋಗುತ್ತಿದ್ದೆವು. ಕಾಳ್ಯಾ ದಿನಾಲೂ ಗೇಟಿನ ತನಕ ನನ್ನ ಹಿಂದೆ ಬಂದು, ನಾನು ಒಳಗೆ ಹೋದದ್ದನ್ನು ನೋಡಿ, ತಿರುಗಿ ಕುರಿಗಳ ಕಡೆ ಹೋಗುತ್ತಿದ್ದ.

ಆ ಮುಂಜಾನೆ ಸಿದ್ದು ಕುರಿಗಳಿಗೆ ಮೇವು ಹಾಕಿ ಬರುತ್ತೇನೆಂದು ಹಿಂದೆ ಉಳಿದಿದ್ದ. ಆಳುಗಳು ಇನ್ನೂ ಬಂದಿರಲಿಲ್ಲ, ಗೇಟಿನಲ್ಲಿ ನಾನೊಬ್ಬಳೇ. ಮಾಲಕರ ನಾಯಿಯನ್ನು ಬಿಚ್ಚಿ ಬಿಟ್ಟಿದ್ದರು. ಮಿರಜಿನ ಕಡೆಯಿಂದ ತಂದ ದೊಡ್ಡ ಜಾತಿಯದು, ಕರುವಿನಷ್ಟು ಎತ್ತರ. "ಏನೂ ಮಾಡೂದಿಲ್ಲ ಬಾ," ಎಂದು ಮಾಲಕರು ಅನ್ನುವಷ್ಟರಲ್ಲಿ ಅದು ನನ್ನ ಮೇಲೆ ಬಂತು. ನಾನು ಕೈಯಲ್ಲಿದ್ದ ಬುತ್ತಿ ಒಗೆದು ಹಿಂದೆ ಸರಿದೆ. ನಡುವೆ ಕಾಳ್ಯಾ ಬಂದ. ಅದರ ಅರ್ಧದಷ್ಟೂ ಇರದ ಕಾಳ್ಯಾ. ಅದು ಅವನ ಕುತ್ತಿಗೆ ಹಿಡಿದು ಝಾಡಿಸಿತು, ಮುಂಗಾಲು ಹಿಡಿದು ಎಳೆಯಿತು. ಮಾಲಕರೇ ಬಡಿಗೆ ತಂದು ಬಿಡಿಸುವ ಹೊತ್ತಿಗೆ ಮಣ್ಣೆಲ್ಲ ಕೆಂಪಾಗಿತ್ತು. ನನಗೆ ಒಂದು ಗೀರು ಕೂಡ ಆಗಿರಲಿಲ್ಲ.

ಮಾಲಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಎಲ್ಲೀದೋ ಬೀದಿ ನಾಯಿ ಬಂದ ಕಡೀತು ಅಂತ ಹೇಳ. ಸುಮ್ನ ಗದ್ದಲ ಬ್ಯಾಡ. ಹಂಗಾಮ ನಡದೈತಿ, ನಿನಗೂ ಕೆಲಸ ಬೇಕಲ್ಲ?"

ಸಿದ್ದು ಓಡಿ ಬಂದು ಕಂಬಳಿಯಲ್ಲಿ ಕಾಳ್ಯಾನನ್ನು ಎತ್ತಿಕೊಂಡು, "ಯಾವ ನಾಯಿ ಯಕ್ಕಾ?" ಎಂದು ಕೇಳಿದ.

"ಬೀದಿ ನಾಯಿ. ಕಬ್ಬಿನ ಕಡೆ ಓಡಿ ಹೋತು," ಎಂದೆ.

ನನಗಾಗಿ ಕಚ್ಚಿಸಿಕೊಂಡ ಜೀವ ಕಂಬಳಿಯೊಳಗಿನಿಂದ ನನ್ನನ್ನೇ ನೋಡುತ್ತಿತ್ತು. ಆ ನೋಟದೆದುರಿಗೇ ನಾನು ಸುಳ್ಳು ಹೇಳಿದೆ.

ಅಥಣಿಯ ದನದ ಡಾಕ್ಟರ ಹತ್ತಿರ ಸಿದ್ದು ಮೋಟರ್‌ಸೈಕಲ್ ಮೇಲೆ ಕರೆದೊಯ್ದ. ಹಿಂದೆ ನಾನು, ನನ್ನ ತೊಡೆಯ ಮೇಲೆ ಕಾಳ್ಯಾ. ಡಾಕ್ಟರು ನಳದ ಕೆಳಗೆ ಸಾಬೂನು ಹಚ್ಚಿ ಕಾಲು ತಾಸು ಗಾಯ ತೊಳೆಸಿದರು. ಅರಿಷಿಣ, ಸುಣ್ಣ, ಖಾರದ ಪುಡಿ ಏನೂ ಹಚ್ಚಬಾರದೆಂದರು. ಮೊದಲೇನಾದರೂ ಹುಚ್ಚುನಾಯಿಯ ಸೂಜಿ ಮಾಡಿಸಿದ್ದೀರಾ ಎಂದು ಕೇಳಿದರು. ಸಿದ್ದು ತಲೆ ತಗ್ಗಿಸಿ, "ಇಲ್ರಿ," ಎಂದ.

"ಕಡದದ್ದ ಯಾರ ನಾಯಿ? ಗೊತ್ತಿದ್ರ ಅದನ್ನ ಹತ್ತ ದಿನ ಕಟ್ಟಿ ನೋಡೂದಿತ್ತು. ಹತ್ತ ದಿನ ಅದು ಚಲೋ ಇದ್ರ ನಿಮ್ಮ ನಾಯಿಗೂ ಹುಚ್ಚಿನ ಭಯ ಇಲ್ಲ," ಎಂದರು ಡಾಕ್ಟರು.

ಸಿದ್ದು ನನ್ನ ಮುಖ ನೋಡಿದ.

"ಬೀದಿ ನಾಯಿರಿ," ಎಂದೆ. ಎರಡನೆಯ ಸಲ.

ಮಾಲಕರ ನಾಯಿಗೆ ವರ್ಷಾವರ್ಷ ಸೂಜಿ ಮಾಡಿಸುತ್ತಿದ್ದರು. ಅದರ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಅವರ ಆಫೀಸಿನ ಗೋಡೆಗೆ, ದೇವರ ಫೋಟೋದ ಪಕ್ಕ ತೂಗುತ್ತಿತ್ತು. ಆ ಕೋಣೆಯ ಕಸ ಹೊಡೆಯುತ್ತಿದ್ದವಳು ನಾನೇ. ಒಂದು ಮಾತು ಸಾಕಿತ್ತು. ನಾನು ಕಂಬಳಿಯ ಅಂಚು ಮಡಚುತ್ತ ನಿಂತೆ.

"ಹಂಗಾದ್ರ ಹುಚ್ಚ ನಾಯಿನ ಕಡದೈತಿ ಅಂತ ತಿಳ್ಕೊಂಡ ನಡೀಬೇಕಪಾ," ಎಂದರು ಡಾಕ್ಟರು. ಇವತ್ತು ಒಂದು ಸೂಜಿ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೆಂಟನೇ ದಿನ. ಔಷಧವನ್ನು ಅಥಣಿಯ ಅಂಗಡಿಯಿಂದ ಬರ್ಫದಲ್ಲಿಟ್ಟು ಒಯ್ಯಬೇಕು, ಊರಿನ ದನದ ಕಂಪೌಂಡರ್ ಚುಚ್ಚುತ್ತಾನೆ. ಬೇರೆ ಕಟ್ಟಬೇಕು. ಕೈಗೆ ಚೀಲ ಹಾಕದೆ ಮುಟ್ಟಬಾರದು. ಸಿದ್ದೂನ ಕೈಯಲ್ಲಿ ಕುಡುಗೋಲಿನ ಗಾಯವಿತ್ತು, ಬರಿಗೈಯಲ್ಲೇ ಎತ್ತಿದ್ದ. ಅವನೂ ಸೂಜಿ ಮಾಡಿಸಿಕೊಳ್ಳಬೇಕು.

ಮನುಷ್ಯರ ದವಾಖಾನೆಯ ಸರದಿಯಲ್ಲಿ ನಿಂತಾಗ ಮುಂದಿದ್ದ ಮುದುಕ ಸಿದ್ದೂನನ್ನು ಕೇಳಿದ: "ಯಾರಿಗೆ ಕಡದೈತೋ?"

"ನಾಯಿಗ್ರಿ."

"ಯಾವದು ಕಡದೈತಿ?"

"ನಾಯಿನ್ರಿ."

"ನಾಯಿಗೆ ನಾಯಿ ಕಡದ್ರ ಸೂಜಿ ನಿನಗ್ಯಾಕಲೇ? ನೀ ಏನ ಅವರ ಪೈಕಿ ಏನ?"

ಸರದಿಯೆಲ್ಲ ನಕ್ಕಿತು. "ಹೌದ್ರಿ ಅಜ್ಜಾ, ಅವರ ಪೈಕಿನ," ಎಂದು ಸಿದ್ದೂನೂ ನಕ್ಕ. ನಾನು ನಗಲಿಲ್ಲ. ನನ್ನ ಸುಳ್ಳಿಗೆ ಅವನ ತೋಳಿಗೂ ಸೂಜಿ ಬೀಳುತ್ತಿತ್ತು.

ಆಮೇಲಿನ ದಿನಗಳಲ್ಲಿ ಸಿದ್ದು ಶೆಡ್ಡಿನ ಕಡೆ ಬರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕಾಳ್ಯಾನನ್ನು ಕಟ್ಟಿ, ಕೆಳಗೆ ಗೋಣಿ ಹಾಸಿ, ದಿನಕ್ಕೆರಡು ಸಲ ಗಾಯ ತೊಳೆದ. ನೊಣ ಕೂಡದಂತೆ ಬೇವಿನ ತಪ್ಪಲಿನ ಹೊಗೆ ಹಾಕಿದ. ಕಾಲಿನ ಗಾಯ ನೆಕ್ಕಿಕೊಳ್ಳಬಾರದೆಂದು ಒಂದು ಹಳೆಯ ಪ್ಲಾಸ್ಟಿಕ್ ಬಕೆಟಿನ ತಳ ಕೊಯ್ದು, ಅಂಚಿಗೆ ಬಟ್ಟೆ ಹೊಲಿದು ಕೊರಳಿಗೆ ಹಾಕಿದ. ಬಕೆಟಿನೊಳಗಿಂದ ಕಾಳ್ಯಾನ ಮುಖ ಮಾತ್ರ ಕಾಣುತ್ತಿತ್ತು. ಓಣಿಯವರು ಬಾಗಿಲಿಗೆ ಬಂದು ನೋಡಿ, "ಏನಲೇ ಸಿದ್ದ್ಯಾ, ನಾಯಿಗೆ ಬಾಸಿಂಗ ಕಟ್ಟೀಯೇನ? ಅಕ್ಕಿಕಾಳ ಯಾವಾಗ?" ಎಂದು ಚೇಷ್ಟೆ ಮಾಡಿದರು. "ನನಗಂತೂ ಯಾರೂ ಕೊಡವಲ್ರು, ಅಂವಗರ ಆಗಲಿ," ಎಂದು ಸಿದ್ದು ಹಾಲಿನಲ್ಲಿ ರೊಟ್ಟಿ ಹಿಸುಕುತ್ತಿದ್ದ. ಮೊದಲ ನಾಲ್ಕು ದಿನ ಕಾಳ್ಯಾ ಬೆರಳಿನಿಂದ ಹಚ್ಚಿದ ಹಾಲನ್ನಷ್ಟೇ ನೆಕ್ಕಿದ. ಏಳನೇ ದಿನ ತಾನೇ ಎದ್ದು ನಿಂತ. ಒಂಬತ್ತನೇ ದಿನ ಇಡೀ ರೊಟ್ಟಿ ತಿಂದು, ಬಕೆಟಿನಿಂದ ಗೋಡೆಗೆ ಡಬ್ ಡಬ್ ಬಡಿದು ಇನ್ನೊಂದು ಕೇಳಿದ.

ಹತ್ತನೇ ದಿನ ನಾನು ಶೆಡ್ಡಿನಲ್ಲಿದ್ದೆ. ಮಾಲಕರ ನಾಯಿ ಬೇವಿನ ನೆರಳಲ್ಲಿ ಮಲಗಿ ಬಿಸ್ಕೀಟು ತಿನ್ನುತ್ತಿತ್ತು. ನೀರು ಕುಡಿಯಿತು, ಆಕಳಿಸಿತು, ಬಾಲ ಆಡಿಸಿತು. ಡಾಕ್ಟರು ಹೇಳಿದ ಹತ್ತು ದಿನವೂ ನಾನೇ ಅದನ್ನು ಕಣ್ಣಾರೆ ನೋಡಿದ್ದೆ. ಕಾಳ್ಯಾಗೆ ಭಯವಿಲ್ಲ ಎಂದು ನನಗೆ ಆ ದಿನವೇ ಗೊತ್ತಾಯಿತು. ಸಂಜೆ ಮನೆಗೆ ಹೋಗಿ ಹೇಳಬೇಕೆಂದುಕೊಂಡೆ. ಹೇಳಿದರೆ ಯಾವ ನಾಯಿ ಎಂಬುದನ್ನೂ ಹೇಳಬೇಕು. ಸುಮ್ಮನಾದೆ.

ಊರು ಮಾತ್ರ ಸುಮ್ಮನಿರಲಿಲ್ಲ. ಬೀದಿನಾಯಿ, ಹುಚ್ಚುನಾಯಿ, ಕಬ್ಬಿನಲ್ಲಿ ಅಡಗಿದೆ ಎಂದು ಮಾತು ಬೆಳೆಯಿತು. ಮಕ್ಕಳನ್ನು ನಮ್ಮ ಓಣಿಗೆ ಬಿಡುವುದನ್ನು ನಿಲ್ಲಿಸಿದರು. ಆ ಹುಚ್ಚುನಾಯಿಯನ್ನು ಹುಟ್ಟಿಸಿದವಳು ನಾನು. ಮೈಯಿಲ್ಲದ ಆ ನಾಯಿಗೆ ನನ್ನ ಕಣ್ಣೆದುರೇ ಬಣ್ಣ ಬಂತು, ಹಲ್ಲು ಬಂತು. ಒಬ್ಬರು ಕೆಂಪು ಎಂದರು, ಒಬ್ಬರು ಜೊಲ್ಲು ಸುರಿಸುತ್ತಿತ್ತು ಎಂದರು.

ಹದಿನಾಲ್ಕನೇ ದಿನ ಬೆಳಗಾಗುವುದರಲ್ಲಿ ಪಡುವಣ ದಿಕ್ಕು ಕಪ್ಪಿಟ್ಟು ಗುಡುಗುತ್ತಿತ್ತು. ಸಿದ್ದು ಥರ್ಮಾಸು ಹಿಡಿದು ಸೂಜಿಯ ಔಷಧ ತರಲು ಅಥಣಿಗೆ ಹೊರಟ. "ಇವತ್ತೊಂದ ದಿನ ಮನ್ಯಾಗ ಇರ ಯಕ್ಕಾ. ಮಂದಿ ಏನೇನೋ ಮಾತಾಡಾಕತ್ತಾರ," ಎಂದ. "ಹೂಂ, ಇರ್ತೇನಿ," ಎಂದೆ. ಅವನು ಹೋಗಿ ಅರ್ಧ ತಾಸಾಗಿಲ್ಲ, ತಂಗೆವ್ವ ಬಂದಳು. "ಮಳಿ ಬಂದ್ರ ಎಲ್ಲಾ ನೀರಪಾಲ. ಮಾಲಕ ಎಲ್ಲಾರ್ನೂ ಕರದಾನ, ನಡಿ ನಡಿ." ಬಾಗಿಲು ಮುಂದೆ ಮಾಡಿ ಹೋದೆ.

ಶೆಡ್ಡಿನಲ್ಲಿ ಹೆಣ್ಣಾಳುಗಳೆಲ್ಲ ಸಾಲಾಗಿ ಜಾಳಿಗೆಯ ಮೇಲಿನ ಹಣ್ಣು ಬಳಿದು ಕ್ರೇಟಿಗೆ ತುಂಬುತ್ತಿದ್ದೆವು. ಕ್ರೇಟು ಎತ್ತಲು ಗಂಡಾಳು ಸಾಲದೆ ತಂಗೆವ್ವ ಕೂಗಿದಳು: "ಸಿದ್ದು ಇವತ್ತರ ಬರ್ತಾನೋ ಇಲ್ಲೋ? ಎರಡ ವಾರ ಆತು!"

ನನಗೆ ಸಿಟ್ಟಿತ್ತು. ನನ್ನ ಸುಳ್ಳನ್ನು ಖರೇ ಎಂದು ನಂಬಿ, ಕೆಲಸ ಬಿಟ್ಟು ನಾಯಿಯ ಮುಂದೆ ಕೂತ ತಮ್ಮನ ಮೇಲೆಯೇ ಸಿಟ್ಟು. ಅವನ ಒಂದೊಂದು ಸೇವೆಯೂ ನನ್ನನ್ನು ಚುಚ್ಚುತ್ತಿತ್ತು. "ಅಂವಗ ಹುಚ್ಚ ಹಿಡದೈತಿ!" ಎಂದೆ.

ಸಾಲಿನಲ್ಲಿ ಎಲ್ಲರ ಕೈಗಳು ನಿಂತವು. "ಯವ್ವಾ! ಯಾವಾಗಿಂದ?" ಎಂದಳು ತಂಗೆವ್ವ.

ಆಗ ತಿಳಿಯಿತು. ನಾನು ಸಿದ್ದೂಗೆ ಅಂದೆ. ಅವರು ಕಾಳ್ಯಾಗೆ ಎಂದು ಕೇಳಿಸಿಕೊಂಡರು. ನಮ್ಮ ಮನೆಯಲ್ಲಿ ನಾಯಿಯೂ 'ಅಂವ' ಎಂಬುದು ಯಾರಿಗೆ ಗೊತ್ತಿಲ್ಲ? ನಾಯಿಗೆ ಹುಚ್ಚು ಹಿಡಿದದ್ದಕ್ಕೇ ಸಿದ್ದು ಬಂದಿಲ್ಲ ಎಂದುಕೊಂಡರು. "ಅಲ್ಲಬೇ, ನಾ ಅಂದದ್ದ ಸಿದ್ದೂಗ," ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದೆ. ಎದುರಿಗೆ ಮಾಲಕರು ಬಂದು ನಿಂತಿದ್ದರು.

"ಊರಾಗ ಸಣ್ಣ ಮಕ್ಕಳ ಅದಾವ," ಎಂದು ಇಬ್ಬರು ಆಳುಗಳಿಗೆ ಹೇಳಿದರು. "ಹೋಗಿ ಮುಗಸಿ ಬರ್ರಿ."

ಕಾಳ್ಯಾಗೆ ಹುಚ್ಚಿಲ್ಲ ಎಂದು ಇಡೀ ಊರಿನಲ್ಲಿ ಖಾತ್ರಿ ಗೊತ್ತಿದ್ದವರು ಇಬ್ಬರೇ. ಇಬ್ಬರೂ ಅಲ್ಲೇ ಇದ್ದೆವು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಳುಗಳು ಕಬ್ಬಿಣದ ಸಲಾಕೆ ತೆಗೆದುಕೊಂಡು ಗೇಟು ದಾಟಿದರು. ಗೇಟಿನ ಹತ್ತಿರ ಮಾಲಕರ ನಾಯಿ ಎದ್ದು ಬಾಲ ಆಡಿಸಿ ಅವರನ್ನು ಕಳಿಸಿಕೊಟ್ಟಿತು. ನಾನು ಹಣ್ಣು ಬಳಿಯುತ್ತಲೇ ಇದ್ದೆ.

ಹೇಳಿ, ಇದು ಎಲ್ಲಿಯ ನ್ಯಾಯ? ಕಚ್ಚಿದ್ದು ಶ್ಯಾಣ್ಯಾ, ಕಚ್ಚಿಸಿಕೊಂಡದ್ದು ಹುಚ್ಚ! ಕಚ್ಚಿದ್ದಕ್ಕೆ ಬಿಸ್ಕೀಟು, ಕಚ್ಚಿಸಿಕೊಂಡದ್ದಕ್ಕೆ ಸಲಾಕೆ! ಮಕ್ಕಳ ಮೇಲೆ ಅಷ್ಟು ಕರುಳಿದ್ದವರು ಮೊದಲು ತಮ್ಮ ಗೇಟಿನದನ್ನು ಕಟ್ಟಬೇಕಿತ್ತು. ಬಾಸಿಂಗ ಎಂದು ನಕ್ಕವರಲ್ಲಿ ಒಬ್ಬರೂ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ ಎಂಬುದೂ ಗೊತ್ತು. ಆದರೂ ಬೈಯುತ್ತೇನೆ. ನನ್ನನ್ನೂ ಸೇರಿಸಿಯೇ ಬೈಯುತ್ತೇನೆ.

ಕೊರಳಲ್ಲಿ ಬಕೆಟಿದ್ದ ಕಾಳ್ಯಾಗೆ ಪಕ್ಕಕ್ಕೆ ಏನೂ ಕಾಣುತ್ತಿರಲಿಲ್ಲ. ಬಾಗಿಲ ಸಪ್ಪಳಕ್ಕೆ, ರೊಟ್ಟಿ ತಂದರೆಂದು ಬಾಲ ಆಡಿಸಿದನಂತೆ.

ಮಳೆ ಬರಲಿಲ್ಲ. ಮೋಡವೆಲ್ಲ ಕಾಗವಾಡದ ಕಡೆ ಸರಿದು ಮಧ್ಯಾಹ್ನ ಸುಡುಸುಡು ಬಿಸಿಲು ಬಿತ್ತು. ಸಿದ್ದು ಬಂದಾಗ ಕೊಟ್ಟಿಗೆಯಲ್ಲಿ ಒಡೆದ ಬಕೆಟಿತ್ತು. ಥರ್ಮಾಸಿನ ಮುಚ್ಚಳ ತೆಗೆದು ನನಗೆ ತೋರಿಸಿ, "ಬರ್ಫ ಇನ್ನ ಕರಗಿಲ್ಲ ನೋಡ ಯಕ್ಕಾ," ಎಂದ. ಅಷ್ಟೇ.

ಹೋದ ವರ್ಷ ಕಬ್ಬಿನ ಗದ್ದೆಯಿಂದ ಒಂದು ಮರಿ ತಾನೇ ನಡೆದು ಮನೆಗೆ ಬಂತು. ನಾನು ಹಾಲು ಹಾಕಿ, "ಅಂವ ಉಂಡ," ಎಂದೆ. ಸಿದ್ದು ತಿರುಗಿ ನೋಡದೆ, "ಅಂವ ಅನಬ್ಯಾಡ ಯಕ್ಕಾ. ಅದು ಅನ್ನ," ಎಂದ. ದುಃಖಕ್ಕೆ ಹಾಗಂದ ಎಂದುಕೊಂಡಿದ್ದೆ.

ಮೊನ್ನೆ ಆ ಗೇಟಿನಲ್ಲಿ ಗಂಧಕದ ಹೊಗೆ, ಆ ನಾಯಿ, ಆ ಮಾತು ಮೂರೂ ಕೂಡಿದಾಗ ನಾನು ಒಳಗೆ ಹೋಗಲಿಲ್ಲ. ತಂಗೆವ್ವ, ಹೆಣ್ಣಾಳುಗಳು ಎಲ್ಲರೂ ನಿಂತಿದ್ದರು. ಗಟ್ಟಿಯಾಗಿ ಹೇಳಿದೆ: "ಮಾಲಕ್ರ, ನಮ್ಮ ಕಾಳ್ಯಾನ್ನ ಕಡದದ್ದ ಇದ ನಾಯಿ. ನೀವೂ ನೋಡೀರಿ, ನಾನೂ ನೋಡೇನಿ. ಬೀದಿ ನಾಯಿ ಅಂತ ನಾ ಸುಳ್ಳ ಹೇಳಿದ್ನಿ."

ಮಾಲಕರು ಈಗ ಫೋನಿನಿಂದ ತಲೆ ಎತ್ತಿದರು. ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

"ಯಾವ ಕಾಳ್ಯಾ?" ಎಂದರು.

ಅವರು ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ವರ್ಷ ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತವನ ಹೆಸರೂ ಅವರಿಗೆ ನೆನಪಿಲ್ಲ. ಬುತ್ತಿ ಹಿಡಿದು ಮನೆಗೆ ನಡೆದೆ.

ಸಿದ್ದು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಎದುರಿಗೆ ನಿಂತೇ ಎಲ್ಲ ಹೇಳಿದೆ. 'ಅಂವಗ ಹುಚ್ಚ' ಎಂದ ಮಾತಿಗೆ ಬಂದಾಗ ಅವನು, "ಅದು ಗೊತ್ತಿತ್ತ. ತಂಗೆವ್ವ ಮರುದಿನಾನ ಹೇಳಿದ್ಲ. ನೀ ನನಗ ಅಂದಿ ಅಂತ ನನಗ ತಿಳೀತು," ಎಂದ. ಮರಿಗೆ 'ಅಂವ' ಬೇಡ ಎಂದದ್ದು ಯಾಕೆಂದು ಆಗ ಅರ್ಥವಾಯಿತು. ಮಾಲಕರ ನಾಯಿಯ ಸಂಗತಿ ಹೇಳಿದಾಗ ಮಾತ್ರ ಅವನ ಕೈಯಲ್ಲಿದ್ದ ಹಗ್ಗ ಬಿಚ್ಚಿಕೊಂಡಿತು.

"ಹತ್ತ ದಿನ ಅದನ್ನ ನೋಡಿಯಲ್ಲ ಯಕ್ಕಾ? ಅದ ಚಲೋ ಇತ್ತಲ್ಲ?"

"ಹೂಂ."

"ನಾ ಕಾಳ್ಯಾಗ ಸೂಜಿ ಮಾಡಿಸಿರಲಿಲ್ಲಲ್ಲ, ನನ್ನ ತಪ್ಪಿಂದ ಹಿಂಗಾತು ಅಂತ ಮೂರ ವರ್ಷ..." ಎಂದವನು ಮಾತು ಮುಗಿಸದೆ ಎದ್ದು ಹೋದ. ಎರಡು ದಿನ ನನ್ನ ಕೈಯ ರೊಟ್ಟಿ ಉಣ್ಣಲಿಲ್ಲ.

ಮೂರನೇ ದಿನ ಮರಿಯನ್ನು ಮೋಟರ್‌ಸೈಕಲ್ ಮೇಲೆ ಅಥಣಿಗೆ ಒಯ್ದು, ಹುಚ್ಚುನಾಯಿಯ ಸೂಜಿ ಮಾಡಿಸಿಕೊಂಡು ಬಂದ. ಬಂದವನು ಒಂದು ಹಳದಿ ಕಾರ್ಡನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟ. ನಾಯಿಯ ಬಣ್ಣ, ವಯಸ್ಸು ಎಲ್ಲವನ್ನೂ ಡಾಕ್ಟರು ತುಂಬಿದ್ದರು. ಒಂದು ಗೆರೆ ಮಾತ್ರ ಖಾಲಿ ಇತ್ತು. ಮಾಲೀಕರ ಹೆಸರು.

"ನಿನ್ನ ಹೆಸರ ಬರಿ," ಎಂದ ಸಿದ್ದು. "ಯಾರ ನಾಯಿ, ಏನಾತು ಅಂತ ಯಾರರ ಕೇಳಿದ್ರ ಈ ಸರ್ತಿ ನೀನ ಹೇಳಬೇಕು."

ಮರಿ ಬಂದು ನನ್ನ ಕಾಲಿನ ಹತ್ತಿರ ಕೂತಿತು. ನಾಲ್ಕನೇ ಇಯತ್ತೆಯ ದಪ್ಪ ಅಕ್ಷರದಲ್ಲಿ, ಗೆರೆಯಿಂದ ಹೊರಗೆ ಹೋಗದಂತೆ, ನನ್ನ ಹೆಸರು ಬರೆದೆ.